ಕಾಟ್ಲಾ ಮೀನಿನ ಮೊದಲ ಹೆಸರು

ಮೀನಂಗಡಿಯಲ್ಲಿ ಕಾಟ್ಲಾ ಯಾವುದು ಅಂತ ಗುರುತಿಸೋಕೆ ಯಾರಿಗೂ ಕಷ್ಟವಿಲ್ಲ. ತಲೆ ದೊಡ್ಡದು. ಬಾಯಿ ಅಗಲ, ಅದೂ ಮೇಲಕ್ಕೆ ತೆರೆದುಕೊಂಡಿರುತ್ತದೆ. ಮೀಸೆ ಇಲ್ಲ. ಹುರುಪೆ ದೊಡ್ಡದು, ಬೆನ್ನು ಬೂದಿ ಬಣ್ಣ, ಹೊಟ್ಟೆ ಬೆಳ್ಳಗೆ. ಪಕ್ಕದಲ್ಲೇ ಇಟ್ಟಿರುವ ರೋಹುವಿನ ತಲೆ ಚಿಕ್ಕದು, ಬಾಯಿ ಕೆಳಕ್ಕೆ ತಿರುಗಿರುತ್ತದೆ, ತುಟಿ ದಪ್ಪ. ಮೃಗಾಲ್ ಇನ್ನೂ ತೆಳ್ಳಗೆ, ಉದ್ದಕ್ಕೆ. ನಾಲ್ಕಾರು ಸಲ ಮೀನು ತಂದವರಿಗೆ ಇಷ್ಟು ಸಾಕು. ತಲೆ ಸಾರಿನ ಆಸೆ ಇರುವವರು "ಅಣ್ಣಾ, ಕಾಟ್ಲಾ ತಲೆ ಇದ್ಯಾ?" ಅಂತಲೇ ಕೇಳುತ್ತಾರೆ. ರೋಹು ತಲೆ ಬೇಕು ಅಂದವರನ್ನು ನಾನಂತೂ ನೋಡಿಲ್ಲ.

ಪುಸ್ತಕ ತೆರೆದರೆ ಮಾತ್ರ ಕಥೆಯೇ ಬೇರೆ. ಕಳೆದ ಇನ್ನೂರು ವರ್ಷಗಳಲ್ಲಿ ಇದೇ ಮೀನು ಸಿಪ್ರಿನಸ್ ಕಾಟ್ಲಾ ಆಗಿತ್ತು. ಗಿಬೆಲಿಯನ್ ಕಾಟ್ಲಾ ಆಯಿತು. ಕಾಟ್ಲಾ ಬುಕನನಿ ಆಯಿತು. ಆಮೇಲೆ ಕಾಟ್ಲಾ ಕಾಟ್ಲಾ. ಈಗ ಜಗತ್ತಿನ ದೊಡ್ಡ ಮೀನು ಪಟ್ಟಿಗಳಲ್ಲಿ ಲೇಬಿಯೊ ಕಾಟ್ಲಾ. ಕೆರೆಯಲ್ಲಿ ಅದು ಎಷ್ಟು ಬೇಗ ಬೆಳೆಯುತ್ತದೆ ಅಂತ ಸುಮ್ನೆ ಹುಡುಕೋಕೆ ಹೋದರೂ, ಒಂದೊಂದು ಹೆಸರಿಗೆ ಒಂದೊಂದು ರಾಶಿ ಲೇಖನ ಸಿಗುತ್ತದೆ. ಒಂದು ರಾಶಿಯಲ್ಲಿ ಇರುವುದು ಇನ್ನೊಂದರಲ್ಲಿ ಇರುವುದಿಲ್ಲ.

ವಿಜ್ಞಾನದ ಹೆಸರು ಅಂದರೆ ಗಟ್ಟಿ, ಊರ ಹೆಸರು ಅಂದರೆ ಸಡಿಲ ಅಂತ ನಮಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದು. ಊರೂರಿಗೆ ಹೆಸರು ಬೇರೆ ಆಗುತ್ತದೆ, ಅದಕ್ಕೇ ಲ್ಯಾಟಿನ್ ಬೇಕು ಅಂತ. ಕಾಟ್ಲಾ ವಿಷಯದಲ್ಲಿ ಇದು ಅರ್ಧ ಮಾತ್ರ ನಿಜ. ಆಂಧ್ರದಲ್ಲಿ ಇದು ಬೊಚ್ಚ, ತಮಿಳುನಾಡಿನಲ್ಲಿ ತೋಪ್ಪಾ, ಬಿಹಾರದ ಕಡೆ ಭಾಕುರ್. ಅದು ಸರಿ. ಆದರೆ ಆ ಐದು ವಿಜ್ಞಾನದ ಹೆಸರುಗಳನ್ನು ಒಂದರ ಕೆಳಗೆ ಒಂದು ಬರೆದು ನೋಡಿ. ಪದೇ ಪದೇ ಬದಲಾಗಿರುವುದು ಪಂಡಿತರು ಕೊಟ್ಟ ಭಾಗ. ಹೆಚ್ಚು ಕಡಿಮೆ ಅಲುಗಾಡದೆ ಕೂತಿರುವುದು ಬಂಗಾಳದ ಮೀನುಗಾರರಿಂದ ಬಂದ ಪದ.

ಆ ಪದವನ್ನು ಪುಸ್ತಕಕ್ಕೆ ಸೇರಿಸಿದವನು ನಮಗೆ ಗೊತ್ತಿಲ್ಲದವನೇನಲ್ಲ. ಟಿಪ್ಪು ಸತ್ತ ಮರುವರ್ಷ, 1800ರ ಏಪ್ರಿಲ್‌ನಲ್ಲಿ ಮದ್ರಾಸಿನಿಂದ ಹೊರಟು, ಶ್ರೀರಂಗಪಟ್ಟಣ, ಬೆಂಗಳೂರು, ಮಲಬಾರು, ಕನ್ನಡ ಜಿಲ್ಲೆ ಎಲ್ಲ ಸುತ್ತಿ ಹೊಲ, ಬೆಳೆ, ಮಗ್ಗ, ಕಬ್ಬಿಣದ ಕುಲುಮೆ, ಜಾತಿ, ತೆರಿಗೆ ಎಲ್ಲವನ್ನೂ ಬರೆದಿಟ್ಟ ಫ್ರಾನ್ಸಿಸ್ ಬುಕನನ್. ಸ್ಕಾಟ್ಲೆಂಡಿನವನು, ವೃತ್ತಿಯಲ್ಲಿ ವೈದ್ಯ. ಗವರ್ನರ್ ಜನರಲ್ ವೆಲ್ಲೆಸ್ಲಿ ಕಳಿಸಿದ ಆ ಪ್ರವಾಸದ ವರದಿ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಬಂತು. ಹಳೇ ಮೈಸೂರಿನ ಯಾವುದೇ ಊರಿನ ಇತಿಹಾಸ ಬರೆಯುವವರು ಇಂದಿಗೂ ಒಮ್ಮೆ ಅದನ್ನು ತಿರುವಿ ಹಾಕುತ್ತಾರೆ. ಆದರೆ ಅವನು ಕಾವೇರಿ ದಂಡೆಯಲ್ಲಿ ಓಡಾಡುವಾಗ ಕಾಟ್ಲಾ ಅಲ್ಲಿ ಇರಲೇ ಇಲ್ಲ. ಅದು ಗಂಗಾ, ಬ್ರಹ್ಮಪುತ್ರ, ಸಿಂಧೂ ಬಯಲಿನ ಮೀನು. ಕಾವೇರಿಗೆ ಅದನ್ನು ತಂದು ಬಿಟ್ಟದ್ದು ತುಂಬಾ ಆಮೇಲೆ.

ಮೈಸೂರಿನ ಕೆಲಸ ಮುಗಿದ ಮೇಲೆ ಬುಕನನ್ ಬಂಗಾಳಕ್ಕೆ ಹೋದ. 1807ರಿಂದ 1814ರವರೆಗೆ ಅಲ್ಲಿ ಜಿಲ್ಲೆ ಜಿಲ್ಲೆಗಳ ಸಮೀಕ್ಷೆ. ಮೈಸೂರಿನಲ್ಲಿ ಹೊಲಕ್ಕೆ ಇಳಿದು ರೈತನನ್ನು ಕೇಳಿದ ಹಾಗೇ ಅಲ್ಲಿ ನದಿ ದಂಡೆಗೆ ಹೋಗಿ ಮೀನುಗಾರರನ್ನು ಕೇಳಿದ. ಬಲೆಗೆ ಬಿದ್ದ ಮೀನುಗಳ ವಿವರ ಬರೆದುಕೊಂಡ, ಚಿತ್ರ ಬರೆಸಿದ. 1822ರಲ್ಲಿ ಎಡಿನ್‌ಬರೋದಲ್ಲಿ ಗಂಗೆ ಮತ್ತು ಅದರ ಉಪನದಿಗಳ ಮೀನುಗಳ ಬಗ್ಗೆ ಅವನ ಪುಸ್ತಕ ಅಚ್ಚಾಯಿತು. ಇನ್ನೂರೈವತ್ತಕ್ಕೂ ಜಾಸ್ತಿ ಬಗೆಯ ಮೀನುಗಳು ಅದರಲ್ಲಿವೆ. ಕಾಟ್ಲಾ, ರೋಹಿತ, ಮೃಗಾಲ, ಕಾಲಬಾಸು, ಬಾಟಾ, ತೆಂಗರಾ, ಪಾಬ್ಡಾ, ಚಿತಲ, ಹೀಗೆ ಒಂದಾದ ಮೇಲೊಂದು. ಲ್ಯಾಟಿನ್ ಪುಸ್ತಕ ಅಂದುಕೊಂಡು ತೆರೆದರೆ ಕಲ್ಕತ್ತದ ಮೀನು ಮಾರುಕಟ್ಟೆಗೆ ಕಾಲಿಟ್ಟ ಹಾಗಿದೆ. ಇಂದು ಜಗತ್ತಿನ ಸಾವಿರಾರು ಪ್ರಯೋಗಾಲಯಗಳಲ್ಲಿ ಸಾಕುವ ಜೀಬ್ರಾಫಿಶ್, ಅಂದರೆ ಡೇನಿಯೊ ರೆರಿಯೊ, ಅದೂ ಈ ಪುಸ್ತಕದ್ದೇ.

ಎಲ್ಲರೂ ಹೀಗೆ ಮಾಡುತ್ತಿರಲಿಲ್ಲ ಅನ್ನೋದು ಗಮನಿಸಬೇಕಾದ ಮಾತು. ಆ ಕಾಲದ ಯುರೋಪಿಯನ್ ವಿದ್ವಾಂಸರು ಹೊಸ ಮೀನು ಕಂಡರೆ ಅದರ ಆಕಾರಕ್ಕೆ ಒಂದು ಲ್ಯಾಟಿನ್ ಪದ ಹುಡುಕುತ್ತಿದ್ದರು, ಇಲ್ಲವೇ ಗೆಳೆಯನ, ಅಧಿಕಾರಿಯ ಹೆಸರು ಅಂಟಿಸುತ್ತಿದ್ದರು. ಬುಕನನ್ ಸ್ಥಳೀಯ ಹೆಸರನ್ನೇ ಎತ್ತಿಕೊಂಡ. ಹದಿನೇಳು ವರ್ಷ ಬಿಟ್ಟು ಪುಣೆ ಕಡೆಯ ಭೀಮಾ ಸೀಮೆಯ ಮೀನುಗಳ ಬಗ್ಗೆ ಬರೆದ ಸೈಕ್ಸ್ ಕೂಡ ಕೆಲವು ಕಡೆ ಇದೇ ದಾರಿ ಹಿಡಿದ. ಖುದ್ರಿ, ಕೋಲಸ್ ಎಲ್ಲ ಬಂದದ್ದು ಹಾಗೆ. ಬುಕನನ್‌ಗೆ ಇದು ಸೋಮಾರಿತನವೋ, ಗೌರವವೋ, ಸಮೀಕ್ಷೆಯ ಅಧಿಕಾರಿಯ ಅಭ್ಯಾಸವೋ, ಯಾರು ಹೇಳಬೇಕು? ಅಭ್ಯಾಸ ಅಂತಲೇ ನನ್ನ ಊಹೆ. ತೆರಿಗೆ ಲೆಕ್ಕ ಬರೆಯುವವನಿಗೆ ಊರವರು ಕರೆಯುವ ಹೆಸರು ಸರಿಯಾಗಿ ಗೊತ್ತಿರಬೇಕು, ಇಲ್ಲದಿದ್ದರೆ ಮುಂದೆ ಬರುವವನಿಗೆ ವರದಿ ಕೆಲಸಕ್ಕೆ ಬರುವುದಿಲ್ಲ.

ಪುಸ್ತಕದ ಮೇಲೆ ಇರುವ ಹೆಸರು ಬುಕನನ್ ಅಲ್ಲ, ಹ್ಯಾಮಿಲ್ಟನ್. ಊರಿಗೆ ವಾಪಸು ಹೋದ ಮೇಲೆ ತಾಯಿಯ ಕಡೆಯ ಆಸ್ತಿ ಬಂತು, ಅದರ ಜೊತೆಗೆ ಹೆಸರೂ ಬದಲಾಯಿತು. ಹಾಗಾಗಿ ಮೈಸೂರಿನ ಪುಸ್ತಕ ಬುಕನನ್‌ದು, ಮೀನಿನ ಪುಸ್ತಕ ಹ್ಯಾಮಿಲ್ಟನ್‌ದು, ಎರಡೂ ಒಬ್ಬನೇ ಬರೆದದ್ದು. ಸಸ್ಯಶಾಸ್ತ್ರದವರು ಇವನನ್ನು ಬುಕನನ್-ಹ್ಯಾಮಿಲ್ಟನ್ ಅಂತ ಬರೆಯುತ್ತಾರೆ, ಮೀನಿನವರು ಬರೀ ಹ್ಯಾಮಿಲ್ಟನ್ ಅನ್ನುತ್ತಾರೆ. ಹೆಸರಿಡುವುದರಲ್ಲಿ ಇಷ್ಟು ಕೆಲಸ ಮಾಡಿದವನ ಹೆಸರೇ ಹೀಗೆ!

ಅವನ ಜೊತೆ ಒಬ್ಬ ಬಂಗಾಳಿ ಚಿತ್ರಕಾರ ಇದ್ದ. ಹಲುದಾರ್ ಅಂತ ಹೆಸರು, ಚಿಕ್ಕ ವಯಸ್ಸಿನವನು. ಮೀನು ಹಿಡಿದ ಕೂಡಲೇ, ಬಣ್ಣ ಮಾಸುವ ಮುಂಚೆ, ಒಂದೊಂದು ಹುರುಪೆಯನ್ನೂ ಬಿಡಿಸಿ ಬರೆಯಬೇಕು. ಬಂಗಾಳದ ಬಿಸಿಲಿನಲ್ಲಿ ಎಷ್ಟು ಹೊತ್ತು ಸಿಕ್ಕೀತು? ಆ ಚಿತ್ರಗಳು ಇಂದಿಗೂ ಬೆಲೆಬಾಳುತ್ತವೆ. ಯಾಕೆಂದರೆ ಹ್ಯಾಮಿಲ್ಟನ್ ಮೀನುಗಳನ್ನೇ ಸ್ಪಿರಿಟ್ಟಿನಲ್ಲಿಟ್ಟು ಮ್ಯೂಸಿಯಮ್ಮಿಗೆ ಕೊಡಲಿಲ್ಲ. ಸಾಮಾನ್ಯವಾಗಿ ಹೊಸ ಪ್ರಭೇದಕ್ಕೆ ಹೆಸರಿಟ್ಟರೆ ಒಂದು ಮಾದರಿ ಮೀನನ್ನು ತೆಗೆದಿಡುತ್ತಾರೆ. ಮುಂದೆ ಅನುಮಾನ ಬಂದರೆ ಅದನ್ನೇ ತೆಗೆದು ನೋಡಬಹುದು. ಇಲ್ಲಿ ನೋಡೋಕೆ ಇರುವುದು ಅವನ ವಿವರಣೆ ಮತ್ತು ಹಲುದಾರನ ಚಿತ್ರ.

ಆ ಚಿತ್ರಗಳ ಪಾಡೂ ಸುಲಭದ್ದಲ್ಲ. 1815ರಲ್ಲಿ ಹ್ಯಾಮಿಲ್ಟನ್ ಊರಿಗೆ ಹೊರಟಾಗ ಗವರ್ನರ್ ಜನರಲ್ ಮೊಯ್ರಾ ಅವುಗಳನ್ನು ಒಯ್ಯೋಕೆ ಬಿಡಲಿಲ್ಲ. ಕಂಪನಿಯ ಸಂಬಳದಲ್ಲಿ ಬರೆಸಿದ್ದು, ಆದ್ದರಿಂದ ಕಂಪನಿಯದು ಅನ್ನೋ ವಾದ. (ಈ ಮೊಯ್ರಾ ಆಮೇಲೆ ಲಾರ್ಡ್ ಹೇಸ್ಟಿಂಗ್ಸ್ ಆದ. ಈ ಕಥೆಯಲ್ಲಿ ಮೀನುಗಳಷ್ಟೇ ಅಲ್ಲ, ಮನುಷ್ಯರೂ ಒಂದೇ ಹೆಸರಿನಲ್ಲಿ ನಿಲ್ಲುವುದಿಲ್ಲ.) ಹ್ಯಾಮಿಲ್ಟನ್ ಒಂದಷ್ಟು ಚಿತ್ರ ಮಾತ್ರ ತನ್ನ ಹತ್ತಿರ ಇಟ್ಟುಕೊಂಡು ಪುಸ್ತಕ ತಂದ. ಉಳಿದವು ಕಲ್ಕತ್ತದಲ್ಲೇ ಉಳಿದವು. ನೂರು ವರ್ಷ ಕಳೆದ ಮೇಲೆ, 1929ರಲ್ಲಿ, ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಸುಂದರ್ ಲಾಲ್ ಹೋರಾ ಆ ಚಿತ್ರಗಳನ್ನೂ ಪುಸ್ತಕವನ್ನೂ ಜೊತೆಗಿಟ್ಟು ಯಾವ ಮೀನು ಯಾವುದು ಅಂತ ಬಿಡಿಸಿಡುವ ಕೆಲಸ ಶುರು ಮಾಡಿದರು. ತಾಳ್ಮೆಯ ಕೆಲಸ ಅದು. ಯಾರೂ ಚಪ್ಪಾಳೆ ಹೊಡೆಯುವಂಥದ್ದಲ್ಲ.

ಈಗ ಮೊದಲ ಪದದ ವಿಷಯ. ಲಿನೇಯಸ್ ಹಾಕಿಕೊಟ್ಟ ಪದ್ಧತಿಯಲ್ಲಿ ಪ್ರತಿ ಪ್ರಾಣಿಗೂ ಎರಡು ಪದ. ಮೊದಲನೆಯದು ಕುಲ, ಎರಡನೆಯದು ಪ್ರಭೇದ. ಪ್ರಾಣಿಗಳ ಹೆಸರಿನ ಲೆಕ್ಕ 1758ರ ಅವನ ಪುಸ್ತಕದಿಂದ ಶುರುವಾಗುತ್ತದೆ. ಅದಕ್ಕಿಂತ ಹಿಂದಿನದು ಲೆಕ್ಕಕ್ಕಿಲ್ಲ. ಯಾರು ಮೊದಲು ಸರಿಯಾಗಿ ಪ್ರಕಟಿಸಿದರೋ ಅವರ ಹೆಸರು ನಿಲ್ಲುತ್ತದೆ. ಎರಡನೇ ಪದ ಮೀನನ್ನು ಗುರುತಿಸುತ್ತದೆ ಅಷ್ಟೇ. ಮೊದಲ ಪದ ಹಾಗಲ್ಲ. ಅದು ಒಂದು ಅಭಿಪ್ರಾಯ. ಈ ಮೀನು ಯಾರ ಸಂಬಂಧಿ ಅನ್ನೋದರ ಬಗ್ಗೆ ಅಭಿಪ್ರಾಯ. ಅಭಿಪ್ರಾಯ ಬದಲಾದರೆ ಪದವೂ ಬದಲಾಗಬೇಕು, ಬೇರೆ ದಾರಿ ಇಲ್ಲ.

ಹ್ಯಾಮಿಲ್ಟನ್ ಕಾಲದಲ್ಲಿ ಗೆಂಡೆಯ ಥರ ಕಾಣುವ ಎಲ್ಲ ಮೀನುಗಳೂ ಸಿಪ್ರಿನಸ್. ಒಳಗೊಳಗೇ ಅವನು ಚಿಕ್ಕ ಗುಂಪುಗಳನ್ನು ಮಾಡಿಕೊಂಡಿದ್ದ. ಪುಂಟಿಯಸ್, ಗಾರಾ, ಡೇನಿಯೊ ಅಂತ ಆಮೇಲೆ ಕುಲಗಳಾಗಿ ಬೆಳೆದ ಹೆಸರುಗಳು ಅಲ್ಲಿಂದ ಬಂದವು, ಅವಕ್ಕೂ ಮೂಲ ಊರ ಮಾತೇ. ಆದರೂ ಹೊರಗಿನ ಹಲಗೆ ಸಿಪ್ರಿನಸ್. ಇವತ್ತು ಆ ಕುಲದಲ್ಲಿ ಉಳಿದಿರುವುದು ಕೆಲವೇ ಮೀನು. ಅದರಲ್ಲಿ ಒಂದು ನಮ್ಮ ಕೆರೆಗಳಲ್ಲೂ ಸಾಕುವ ಸಾಮಾನ್ಯ ಗೆಂಡೆ, ಸಿಪ್ರಿನಸ್ ಕಾರ್ಪಿಯೊ.

ಈ ಎರಡು ಮೀನುಗಳ ಪೂರ್ತಿ ಹೆಸರನ್ನು ಯಾವುದಾದರೂ ಪಟ್ಟಿಯಲ್ಲಿ ನೋಡಿ. ಸಾಮಾನ್ಯ ಗೆಂಡೆಯ ಮುಂದೆ ಲಿನೇಯಸ್, 1758 ಅಂತ ನೇರವಾಗಿ ಇರುತ್ತದೆ. ಕಾಟ್ಲಾದ ಮುಂದೆ ಹ್ಯಾಮಿಲ್ಟನ್, 1822 ಅನ್ನೋದು ಕಂಸದ ಒಳಗೆ ಇರುತ್ತದೆ. ಬಹಳ ಜನ ಆ ಕಂಸವನ್ನು ಮುದ್ರಣದ ಅಲಂಕಾರ ಅಂದುಕೊಂಡು ಬಿಟ್ಟುಬಿಡುತ್ತಾರೆ. ಅದು ನಿಯಮ. ಹೆಸರಿಟ್ಟವನು ಸೇರಿಸಿದ ಕುಲದಲ್ಲಿ ಈ ಮೀನು ಈಗ ಇಲ್ಲ ಅಂತ ಆ ಕಂಸದ ಅರ್ಥ. ಹ್ಯಾಮಿಲ್ಟನ್ ಹೆಸರಿಟ್ಟ ಮೀನುಗಳ ಪಟ್ಟಿ ನೋಡಿದರೆ ಹೆಚ್ಚಿನವು ಕಂಸದೊಳಗೇ.

ಕಾಟ್ಲಾವನ್ನು ಸಿಪ್ರಿನಸ್ಸಿನಿಂದ ಬಿಡಿಸಿದ್ದು 1840ರ ದಶಕ. 1843ರಲ್ಲಿ ವಿಯೆನ್ನಾದ ಹೆಕೆಲ್ ಇದಕ್ಕೆ ಗಿಬೆಲಿಯನ್ ಅನ್ನೋ ಹೊಸ ಕುಲ ಕಟ್ಟಿದ. ಮರುವರ್ಷವೇ ಪ್ಯಾರಿಸಿನ ವ್ಯಾಲೆನ್ಸಿಯೆನ್ಸ್ ಕಾಟ್ಲಾ ಅಂತಲೇ ಇನ್ನೊಂದು ಕುಲ ಕಟ್ಟಿದ. ಗುರು ಕುವಿಯೆ 1832ರಲ್ಲೇ ತೀರಿಕೊಂಡಿದ್ದ. ಇಬ್ಬರೂ ಸೇರಿ ಶುರು ಮಾಡಿದ ಮೀನುಗಳ ಬೃಹತ್ ಪುಸ್ತಕವನ್ನು ವ್ಯಾಲೆನ್ಸಿಯೆನ್ಸ್ ಒಬ್ಬನೇ ಮುಂದುವರಿಸುತ್ತಿದ್ದ. ಕುಲಕ್ಕೆ ಕಾಟ್ಲಾ ಅಂತ ಇಟ್ಟ ಮೇಲೆ ಪ್ರಭೇದಕ್ಕೂ ಕಾಟ್ಲಾ ಅಂದರೆ ಚೆನ್ನಾಗಿರುವುದಿಲ್ಲ ಅನ್ನೋ ಅಭಿಪ್ರಾಯ ಆ ಕಾಲದಲ್ಲಿ ಬಲವಾಗಿತ್ತು. ಹಾಗಾಗಿ ಕಾಟ್ಲಾ ಬುಕನನಿ ಅಂತ ಮಾಡಿದ. ಮೀನುಗಾರರ ಪದಕ್ಕೆ ಮುಂದಿನ ಸಾಲಿಗೆ ಬಡ್ತಿ ಸಿಕ್ಕಿತು, ಹಿಂದೆ ಖಾಲಿಯಾದ ಜಾಗದಲ್ಲಿ ಸ್ಕಾಟ್ಲೆಂಡಿನವನು ಬಂದು ಕೂತ. ಅದೂ ಅವನು ಬಿಟ್ಟುಬಿಟ್ಟಿದ್ದ ಹಳೇ ಹೆಸರಿನಲ್ಲಿ.

ಭಾರತದ ಮೀನುಗಳ ಬಗ್ಗೆ ಅತಿ ದೊಡ್ಡ ಕೆಲಸ ಮಾಡಿದ ಫ್ರಾನ್ಸಿಸ್ ಡೇ ಕೂಡ 1870ರ ದಶಕದಲ್ಲಿ ಕಾಟ್ಲಾ ಬುಕನನಿ ಅಂತಲೇ ಬರೆದ. ಡೇ ಪುಸ್ತಕ ಅಂದರೆ ಇಲ್ಲಿನ ಮೀನು ಇಲಾಖೆಗಳಿಗೆ, ಕಾಲೇಜುಗಳಿಗೆ ಹಲವು ತಲೆಮಾರುಗಳ ಆಧಾರ. ಆದರೆ ನಿಯಮ ನಿಯಮವೇ. ಹ್ಯಾಮಿಲ್ಟನ್ 1822ರಲ್ಲೇ ಕಾಟ್ಲಾ ಅಂದಿದ್ದ ಮೇಲೆ 1844ರ ಬುಕನನಿ ನಿಲ್ಲುವುದಿಲ್ಲ. ಎರಡನೇ ಪದ ತನ್ನ ಜಾಗಕ್ಕೆ ವಾಪಸು ಬಂತು. ಕಾಟ್ಲಾ ಕಾಟ್ಲಾ ಹುಟ್ಟಿದ್ದು ಹಾಗೆ. ಗಿಡಗಳಿಗೆ ಇಂಥ ಜೋಡಿ ಹೆಸರು ಇಡುವಂತಿಲ್ಲ, ಪ್ರಾಣಿಗಳಿಗೆ ಇಡಬಹುದು. ಎರಡು ಶಾಸ್ತ್ರದವರು ಕೂತು ಒಂದೇ ನಿಯಮ ಮಾಡಿಕೊಳ್ಳಬಹುದಿತ್ತು, ಮಾಡಿಕೊಂಡಿಲ್ಲ.

ಇದೇ ನ್ಯಾಯ ಮೊದಲ ಪದಕ್ಕೂ ಹಾಕಿದರೆ ಗೆಲ್ಲಬೇಕಾದದ್ದು ಗಿಬೆಲಿಯನ್. ಅದು ಒಂದು ವರ್ಷ ಹಳೆಯದು. ಆದರೂ ನಮ್ಮ ಪಠ್ಯಪುಸ್ತಕ, ಇಲಾಖೆಯ ಕೈಪಿಡಿ, ಸಂಶೋಧನಾ ಲೇಖನ ಎಲ್ಲದರಲ್ಲೂ ಕಾಟ್ಲಾ ಕಾಟ್ಲಾನೇ ಬೇರುಬಿಟ್ಟಿತು. ಇಪ್ಪತ್ತೊಂದನೇ ಶತಮಾನದಲ್ಲಿ ಅಂತರರಾಷ್ಟ್ರೀಯ ಪಟ್ಟಿಗಳು ಗಿಬೆಲಿಯನ್ ಅಂತ ತಿದ್ದಿಕೊಂಡಾಗ ಇಲ್ಲಿ ಹೆಚ್ಚಿನವರು ತಲೆ ಕೆಡಿಸಿಕೊಳ್ಳಲಿಲ್ಲ. ನನಗೂ ಗಿಬೆಲಿಯನ್ ಇಷ್ಟವಿಲ್ಲ. ಬಂಗಾಳದ ಮೀನಿಗೂ ಆ ಪದಕ್ಕೂ ಏನು ನೆಂಟು? ಆದರೆ ಇಷ್ಟ ಇಲ್ಲ ಅನ್ನೋದು ವಾದ ಆಗುವುದಿಲ್ಲ. ಹಳೇ ಹೆಸರು ಮೂಲೆಗೆ ಬಿದ್ದು ಹೊಸದು ಎಲ್ಲ ಕಡೆ ಬಳಕೆಯಲ್ಲಿದ್ದರೆ, ಬಳಕೆಯ ಹೆಸರನ್ನೇ ಉಳಿಸಿಕೊಡಿ ಅಂತ ಪ್ರಾಣಿಗಳ ಹೆಸರಿನ ನಿಯಮ ನೋಡಿಕೊಳ್ಳುವ ಅಂತರರಾಷ್ಟ್ರೀಯ ಆಯೋಗಕ್ಕೆ ಅರ್ಜಿ ಹಾಕಬಹುದು. ನಿಯಮದಲ್ಲೇ ಆ ಬಾಗಿಲು ಇದೆ.

ಜಗಳ ಆ ಬಾಗಿಲಿನವರೆಗೆ ಹೋಗುವ ಮೊದಲೇ ಬೇರೆ ದಿಕ್ಕಿನಿಂದ ಗಾಳಿ ಬೀಸಿತು. ಹೆಕೆಲ್, ವ್ಯಾಲೆನ್ಸಿಯೆನ್ಸ್ ಇಬ್ಬರೂ ಕಾಟ್ಲಾಕ್ಕೆ ಬೇರೆ ಮನೆ ಯಾಕೆ ಕಟ್ಟಿದರು? ಅದರ ಬಾಯಿ ನೋಡಿ. ರೋಹು, ಕಾಲಬಾಸು ಇರುವ ಲೇಬಿಯೊ ಕುಲದ ಮೀನುಗಳಿಗೆ ಬಾಯಿ ಕೆಳಗೆ, ತುಟಿ ದಪ್ಪ, ಸಾಮಾನ್ಯವಾಗಿ ಚಿಕ್ಕ ಮೀಸೆ. ಲೇಬಿಯೊ ಅನ್ನೋ ಪದವೇ ದಪ್ಪ ತುಟಿಯವನು ಅಂತ. ಕಾಟ್ಲಾ ಎಲ್ಲದರಲ್ಲೂ ಉಲ್ಟಾ. ನೀರಿನ ಮೇಲ್ಪದರದಲ್ಲಿ ಬಾಯಿ ತೆರೆದುಕೊಂಡು ತೇಲುವ ಸಣ್ಣ ಜೀವಿಗಳನ್ನು ನುಂಗುತ್ತದೆ. ಕಿವಿರಿನಲ್ಲಿ ಒತ್ತೊತ್ತಾಗಿ ಇರುವ ನವಿರು ಎಳೆಗಳು ನೀರು ಸೋಸಿ ಆಹಾರ ಉಳಿಸಿಕೊಳ್ಳುತ್ತವೆ. ಕೆರೆಯಲ್ಲಿ ಮೂರನ್ನೂ ಒಟ್ಟಿಗೆ ಸಾಕುವುದು ಇದೇ ಕಾರಣಕ್ಕೆ. ಕಾಟ್ಲಾ ಮೇಲೆ, ರೋಹು ನಡುವೆ, ಮೃಗಾಲ್ ತಳದಲ್ಲಿ ತಿನ್ನುತ್ತದೆ. ಒಂದಕ್ಕೊಂದು ಅಷ್ಟಾಗಿ ಅಡ್ಡ ಬರುವುದಿಲ್ಲ.

ಬಾಯಿ ಇಷ್ಟು ಬೇರೆ ಇದ್ದರೆ ಕುಲವೂ ಬೇರೆ ಅಂತ ಅಂದುಕೊಳ್ಳುವುದು ಸಹಜ. ಆದರೆ ತಿನ್ನುವ ರೀತಿ ಬದಲಾದರೆ ಬಾಯಿಯ ಆಕಾರ ಬೇಗ ಬದಲಾಗುತ್ತದೆ. ಅದನ್ನು ನೋಡಿ ನೆಂಟಸ್ತನ ಹೇಳುವುದು ಅಪಾಯ. ಡಿಎನ್‌ಎ ಹೋಲಿಸುವ ಕಾಲ ಬಂದ ಮೇಲೆ ಈ ಗುಂಪನ್ನು ಮತ್ತೆ ನೋಡಿದರು. 2012ರಲ್ಲಿ ಲೇ ಯಾಂಗ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಅದರಲ್ಲಿ ಮುಖ್ಯವಾದದ್ದು. ಕಾಟ್ಲಾ ಲೇಬಿಯೊಗಳ ಪಕ್ಕದಲ್ಲಲ್ಲ, ನಡುವೆ ಕೂತಿತ್ತು. ಏಷ್ಯಾದ ಕೆಲವು ಲೇಬಿಯೊಗಳಿಗೆ ಆಫ್ರಿಕಾದ ಲೇಬಿಯೊಗಳಿಗಿಂತ ಕಾಟ್ಲಾನೇ ಹತ್ತಿರದ್ದು ಅನ್ನುವಂತೆ. ಹಾಗಿದ್ದ ಮೇಲೆ ಅದನ್ನು ಹೊರಗಿಟ್ಟು ಲೇಬಿಯೊ ಅನ್ನೋದು, ಒಡಹುಟ್ಟಿದವನನ್ನು ಬಿಟ್ಟು ದೂರದ ದಾಯಾದಿಯನ್ನು ಮನೆಯ ಪಟ್ಟಿಗೆ ಸೇರಿಸಿದ ಹಾಗಾಗುತ್ತದೆ. ಕುಲ ಅಂದರೆ ಒಬ್ಬ ಪೂರ್ವಜನಿಂದ ಬಂದ ಎಲ್ಲರೂ ಇರಬೇಕು ಅನ್ನೋದು ಈಗಿನ ಒಪ್ಪಂದ.

ಲೇಬಿಯೊ ಕುಲವನ್ನು ಕುವಿಯೆ ಕಟ್ಟಿದ್ದು 1816ರಲ್ಲಿ, ನೈಲ್ ನದಿಯ ಮೀನನ್ನು ಮುಂದಿಟ್ಟುಕೊಂಡು. ಅದು ಗಿಬೆಲಿಯನ್ನಿಗಿಂತಲೂ, ಕಾಟ್ಲಾ ಕುಲಕ್ಕಿಂತಲೂ ಹಳೆಯದು. ಮೂರನ್ನೂ ಒಂದು ಮಾಡಿದರೆ ನಿಲ್ಲುವುದು ಲೇಬಿಯೊ. ಹೀಗೆ ನೂರೈವತ್ತು ವರ್ಷದ ಗಿಬೆಲಿಯನ್-ಕಾಟ್ಲಾ ತಕರಾರು ಬಗೆಹರಿಯಲಿಲ್ಲ, ಎರಡೂ ಕಡೆಯವರು ಸೋತದ್ದರಿಂದ ಕರಗಿಹೋಯಿತು. ದಪ್ಪ ತುಟಿ ಇಲ್ಲದ ಮೀನು ದಪ್ಪ ತುಟಿಯವರ ಕುಲಕ್ಕೆ ಸೇರಿತು. ಹೆಸರು ಮೈಗೆ ಒಪ್ಪಬೇಕು ಅಂತ ನಿಯಮವೇನೂ ಇಲ್ಲ. ಲೇಬಿಯೊದಲ್ಲಿ ಏಷ್ಯಾ, ಆಫ್ರಿಕಾ ಸೇರಿ ನೂರಕ್ಕೂ ಹೆಚ್ಚು ಮೀನುಗಳಿವೆ. ನಾಳೆ ಯಾರಾದರೂ ಇದು ತೀರಾ ದೊಡ್ಡದಾಯಿತು ಅಂತ ಒಡೆದರೆ ಕಾಟ್ಲಾ ಮತ್ತೆ ಗಂಟುಮೂಟೆ ಕಟ್ಟಬೇಕು.

ಮೀನುಮರಿ ಉತ್ಪಾದನಾ ಕೇಂದ್ರವೊಂದರಲ್ಲಿ ಕೆಲಸ ಮಾಡುವ ಪರಿಚಯದವರ ಹತ್ತಿರ ಇದನ್ನೆಲ್ಲ ಹೇಳಿದೆ. ಅವರು ನಕ್ಕರು. "ಸಾರ್, ನಮಗೆ ಕಾಟ್ಲಾ, ರೋಹು, ಮೃಗಾಲ್ ಅಷ್ಟೇ. ಮೂರೂ ಸೇರಿದ್ರೆ ಐಎಂಸಿ, ಅಂದ್ರೆ ಇಂಡಿಯನ್ ಮೇಜರ್ ಕಾರ್ಪ್. ಲೇಬಿಯೊ ಮರಿ ಕೊಡಿ ಅಂತ ಯಾವ ರೈತರೂ ಬರಲ್ಲ." ಅವರ ತಲೆನೋವೇ ಬೇರೆ. ಕಾಟ್ಲಾ, ರೋಹು ತಾಯಿ ಮೀನುಗಳನ್ನು ಒಂದೇ ತೊಟ್ಟಿಯಲ್ಲಿ ಮೊಟ್ಟೆ ಇಡಿಸಿದರೆ ಬೆರಕೆ ಮರಿ ಹುಟ್ಟುತ್ತವೆ. ಸಣ್ಣದಿರುವಾಗ ಗುರುತು ಸಿಗುವುದಿಲ್ಲ. ಆ ಬೆರಕೆಗಳು ಬಂಜೆಯೂ ಅಲ್ಲ, ಬೆಳೆದು ಮತ್ತೆ ಮರಿ ಮಾಡುತ್ತವೆ. ಒಂದು ಕೇಂದ್ರದಲ್ಲಿ ಹೀಗೆ ನಡೆಯುತ್ತಾ ಹೋದರೆ ಕೆಲವು ತಲೆಮಾರಿಗೆ ಅಪ್ಪಟ ಕಾಟ್ಲಾ ಯಾವುದು ಅನ್ನೋದೇ ಪ್ರಶ್ನೆ. "ಬಾಯಿ ನೋಡಿದ್ರೆ ಕಾಟ್ಲಾ ಅನ್ಸುತ್ತೆ, ಮೈ ನೋಡಿದ್ರೆ ರೋಹು" ಅಂದರು.

ನನಗೆ ಇದು ಬಹಳ ಸ್ವಾರಸ್ಯ ಅನಿಸಿತು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಅಲಿಕುಂಞಿ ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಈ ಗೆಂಡೆಗಳಿಂದ ಮೊಟ್ಟೆ ಇಡಿಸುವುದರಲ್ಲಿ ಗೆದ್ದರು. ಅದಕ್ಕೇ ಪ್ರತಿ ವರ್ಷ ಆ ದಿನ ಮೀನು ಕೃಷಿಕರ ದಿನ. ಅಲ್ಲಿಯವರೆಗೆ ಮರಿ ಬೇಕು ಅಂದರೆ ಮಳೆಗಾಲದಲ್ಲಿ ನದಿಗೇ ಹೋಗಬೇಕಿತ್ತು. ಅಲ್ಲಿಂದಾಚೆಗೆ ಮರಿ ಕೇಂದ್ರದವರು ಕಾಟ್ಲಾ-ರೋಹು ಬೆರಕೆಯನ್ನು ಬೇಕೆಂದೂ ಮಾಡಿದ್ದಾರೆ, ಬೇಡದೆಯೂ ಕಂಡಿದ್ದಾರೆ. ಎರಡು ಬೇರೆ ಕುಲದ ಮೀನುಗಳ ಮರಿ ಮತ್ತೆ ಮರಿ ಹಾಕುತ್ತದೆ ಅಂದರೆ ಕುಲ ಅಷ್ಟು ಬೇರೆಯೇನಲ್ಲ ಅಂತ ಅನುಮಾನ ಬರಬೇಕು, ಅಲ್ವಾ? ತೊಟ್ಟಿಯ ಹತ್ತಿರ ನಿಂತವರಿಗೆ ಕಣ್ಣೆದುರೇ ಇದ್ದ ಸುಳಿವು ಅದು. ಬೆರಕೆ ಒಂದರಿಂದಲೇ ಕುಲ ನಿರ್ಧಾರ ಆಗುವುದಿಲ್ಲ, ನಿಜ. ಆದರೂ ಪಟ್ಟಿ ತಿದ್ದುವವರು ಆ ಕಡೆ ಕಿವಿ ಕೊಡೋಕೆ ಐವತ್ತು ವರ್ಷಕ್ಕಿಂತ ಜಾಸ್ತಿ ಬೇಕಾಯಿತು.

ನಮ್ಮಲ್ಲಿ ಕಾಟ್ಲಾಕ್ಕೆ ಕನ್ನಡದ್ದೇ ಆದ ಹೆಸರನ್ನು ನಾನು ಕೇಳಿಲ್ಲ. ಇರುವ ಗೆಂಡೆಗಳಿಗೆ, ಕೊರವನಿಗೆ, ಬಾಳೆ ಮೀನಿಗೆ ಊರೂರಿಗೆ ಹೆಸರಿವೆ. ಕಾಟ್ಲಾ ಇಲಾಖೆಯ ಮರಿಗಳ ಜೊತೆ ಕೆರೆಗೆ, ಜಲಾಶಯಕ್ಕೆ ಬಂತು, ಹೆಸರೂ ಜೊತೆಗೇ ಬಂತು ಅಂತ ಕಾಣುತ್ತದೆ. ಬಂಗಾಳದ ದಂಡೆಯಲ್ಲಿ ಹೊರಟ ಪದ ಎಡಿನ್‌ಬರೋದ ಪುಸ್ತಕ, ಡೇಯ ಗ್ರಂಥ, ಸರ್ಕಾರಿ ಕೈಪಿಡಿ ಎಲ್ಲ ದಾಟಿ ನಮ್ಮ ಸಂತೆಗೆ ಇಳಿದಿದೆ. ಈಗ ಐಸ್ ಹಾಕಿ ಆಂಧ್ರದ ಕೊಲ್ಲೇರು ಕಡೆಯಿಂದ ಬರುವ ಲಾರಿಯಲ್ಲೂ ಅದೇ. ಅಲ್ಲಿ ಬೊಚ್ಚ ಆಗಿದ್ದ ಮೀನು ಬೆಂಗಳೂರಿಗೆ ಬರುವಷ್ಟರಲ್ಲಿ ಕಾಟ್ಲಾ ಆಗಿರುತ್ತದೆ.

ಹೆಸರಿನ ಗೋಜು ಬರೀ ಪಂಡಿತರ ಆಟ, ಮೀನಿಗೇನು ಆಗಬೇಕು ಅನ್ನುವವರಿದ್ದಾರೆ. ಕಾಟ್ಲಾದ ಮಟ್ಟಿಗೆ ಅದು ಸರಿ ಇರಬಹುದು. ಕೋಟಿಗಟ್ಟಲೆ ಮರಿ ಪ್ರತಿ ವರ್ಷ ಹುಟ್ಟುತ್ತವೆ, ಅದನ್ನು ಏನಂತ ಕರೆದರೂ ನಡೆಯುತ್ತದೆ. ಕಾವೇರಿಯ ಡುಬ್ಬದ ಮಹಶೀರ್ ವಿಷಯದಲ್ಲಿ ಹಾಗಾಗಲಿಲ್ಲ. ಕಿತ್ತಳೆ ಬಣ್ಣದ ರೆಕ್ಕೆ, ಬೆನ್ನ ಮೇಲೆ ಡುಬ್ಬ, ಐವತ್ತು ಕಿಲೋ ದಾಟಬಲ್ಲ ಮೈ. ನೂರೈವತ್ತು ವರ್ಷದಿಂದ ಗಾಳ ಹಾಕುವ ಬ್ರಿಟಿಷರು ಬರೆದದ್ದೇ ಬರೆದದ್ದು, ಫೋಟೋ ತೆಗೆದದ್ದೇ ತೆಗೆದದ್ದು. ಆದರೆ ಅದಕ್ಕೆ ಸರಿಯಾದ ವಿಜ್ಞಾನದ ಹೆಸರು ಇರಲಿಲ್ಲ. ಎಲ್ಲವೂ ಮಹಶೀರ್ ತಾನೇ ಅಂತ 1970ರ ದಶಕದ ನಂತರ ಲೋಣಾವಳದಲ್ಲಿ ಹುಟ್ಟಿಸಿದ ನೀಲಿ ರೆಕ್ಕೆಯ ಟಾರ್ ಖುದ್ರಿ ಮರಿಗಳನ್ನು ಕಾವೇರಿಗೆ ಬಿಟ್ಟರು. ಸೈಕ್ಸ್ ಪುಣೆಯಲ್ಲಿ ಹೆಸರಿಟ್ಟದ್ದು ಅಂದೆನಲ್ಲ, ಅದೇ ಖುದ್ರಿ. ಒಳ್ಳೆಯ ಉದ್ದೇಶದಿಂದಲೇ ಬಿಟ್ಟದ್ದು. ಬಂದದ್ದು ಹೆಚ್ಚಿತು, ಇದ್ದದ್ದು ಕುಸಿಯಿತು.

ಹೆಸರಿಲ್ಲದ ಮೀನನ್ನು ಅಳಿವಿನ ಪಟ್ಟಿಗೆ ಸೇರಿಸೋಕೂ ಬರುವುದಿಲ್ಲ. ಏನಂತ ಸೇರಿಸುವುದು? ಕೊನೆಗೆ 2018ರಲ್ಲಿ ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ಸಂಗಡಿಗರು ಅದನ್ನು ಟಾರ್ ರೇಮಾದೇವಿ ಅಂತ ಗುರುತಿಸಿದರು. ಕೇರಳದ ಪಾಂಬಾರ್‌ನಲ್ಲಿ, ಅದೂ ಕಾವೇರಿಗೇ ಸೇರುವ ನೀರು, ಕುರುಪ್ ಮತ್ತು ರಾಧಾಕೃಷ್ಣನ್ ಆ ಮೊದಲೇ ಚಿಕ್ಕ ಮೀನುಗಳನ್ನು ನೋಡಿ ಈ ಹೆಸರು ಇಟ್ಟಿದ್ದರು. ಮೀನುಶಾಸ್ತ್ರಜ್ಞೆ ಕೆ. ರೇಮಾದೇವಿಯವರ ಗೌರವಕ್ಕೆ. ಹೆಸರು ಖಾತ್ರಿಯಾದ ವರ್ಷವೇ ಅದು ಅಳಿವಿನ ಅತಿ ಹೆಚ್ಚು ಅಪಾಯದಲ್ಲಿರುವ ಮೀನುಗಳ ಪಟ್ಟಿ ಸೇರಿತು. ಗಲಿಬೋರೆ, ಭೀಮೇಶ್ವರಿ ಕಡೆ ಅದನ್ನು ಕಂಡವರು ತುಂಬಾ ಜನ ಇದ್ದರು. ಕಾಣುವುದಕ್ಕೂ ಹೆಸರು ದಾಖಲಾಗುವುದಕ್ಕೂ ನಡುವೆ ಇಷ್ಟು ದಿನ ಹೋಯಿತು.

ಇನ್ನು ಹಲುದಾರ್. ಎರಡು ಶತಮಾನ ಅವನನ್ನು ನೆನೆದವರು ಕಡಿಮೆ. ಅವನು ಬರೆದ ಮೀನುಗಳಲ್ಲಿ ಒಂದಕ್ಕೂ ಹ್ಯಾಮಿಲ್ಟನ್ ಅವನ ಹೆಸರು ಇಡಲಿಲ್ಲ. 2012ರಲ್ಲಿ ಶ್ರೀಲಂಕಾದ ರೋಹನ್ ಪೆತಿಯಗೊಡ ಮತ್ತು ಜೊತೆಗಾರರು, ಪುಂಟಿಯಸ್ ಅಂತ ಒಟ್ಟಿಗೆ ತುಂಬಿಸಿಟ್ಟಿದ್ದ ಸಣ್ಣ ಮೀನುಗಳನ್ನು ಬಿಡಿಸಿ ಹಲವು ಕುಲಗಳನ್ನು ಮಾಡಿದರು. ಪಶ್ಚಿಮ ಘಟ್ಟದ ತೊರೆಗಳಲ್ಲಿ ಇರುವ, ಮೈಮೇಲೆ ಕಪ್ಪು ಪಟ್ಟೆಗಳ ಒಂದು ಗುಂಪಿಗೆ ದ್ರವಿಡಿಯಾ ಅಂತ ಹೆಸರಿಟ್ಟರು. ಚೆನ್ನಾಗಿತ್ತು. ಆದರೆ 2010ರಲ್ಲೇ ಯಾರೋ ಒಂದು ನೊಣದ ಕುಲಕ್ಕೆ ದ್ರವಿಡಿಯಾ ಅಂತ ಇಟ್ಟುಬಿಟ್ಟಿದ್ದರು. ಪ್ರಾಣಿಗಳಲ್ಲಿ ಒಂದು ಕುಲದ ಹೆಸರು ಎರಡು ಕಡೆ ಇರುವಂತಿಲ್ಲ. ನೊಣ ಮೊದಲು ಬಂದಿತ್ತು, ಮೀನು ಬಿಟ್ಟುಕೊಡಬೇಕಾಯಿತು. 2013ರಲ್ಲಿ ಪೆತಿಯಗೊಡ ಬದಲಿ ಹೆಸರು ಕೊಟ್ಟರು: ಹಲುದಾರಿಯಾ.

ಅಕ್ವೇರಿಯಂ ಅಂಗಡಿಗಳಲ್ಲಿ ಮೆಲನ್ ಬಾರ್ಬ್ ಅಂತ ಮಾರುವ ಕೆಂಪು ಮೀನು ಅದೇ, ಹಲುದಾರಿಯಾ ಫ್ಯಾಸಿಯೇಟಾ. ಎರಡನೇ ಪದ 1849ರಲ್ಲಿ ಜೆರ್ಡನ್ ಇಟ್ಟದ್ದು, ಹಾಗೇ ಇದೆ. ಮೊದಲ ಪದ ಅಷ್ಟರಲ್ಲಿ ಹಲವು ಕೈ ದಾಟಿದೆ. ಇದೂ ಅಭಿಪ್ರಾಯವೇ ಆದ್ದರಿಂದ ನಾಳೆ ಯಾರಾದರೂ ಇನ್ನಷ್ಟು ಡಿಎನ್‌ಎ ನೋಡಿ ಈ ಕುಲ ಬೇಡ, ಪಕ್ಕದ ಗುಂಪಿಗೆ ಸೇರಿಸೋಣ ಅಂದರೆ ಹಲುದಾರನ ಹೆಸರೂ ಗಿಬೆಲಿಯನ್ನಿನ ಜೊತೆ ಹಳೇ ಹೆಸರುಗಳ ಪಟ್ಟಿಗೆ ಹೋಗುತ್ತದೆ. ಪೆತಿಯಗೊಡ ಅದನ್ನು ಎರಡನೇ ಪದವಾಗಿ ಇಡುವ ಹಾಗಿದ್ದಿದ್ದರೆ ಚೆನ್ನಾಗಿತ್ತು ಅಂತ ನನಗೆ ಅನಿಸುತ್ತದೆ. ಆದರೆ ಅದಕ್ಕೆ ಹೊಸ ಮೀನೇ ಸಿಗಬೇಕಿತ್ತು.